ಕೊರಡು ಇಟ್ಟ ಮೇಲೆ ನೀರು ಚಹಾ ಬಣ್ಣಕ್ಕೆ ತಿರುಗಿತು. ಮೀನು ಸತ್ತದ್ದು ಯಾವುದರಿಂದ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ಇಟ್ಟು ಮೂರು ತಿಂಗಳಾಯಿತು. ಎಂಟು ನಿಯಾನ್ ಟೆಟ್ರಾ, ಆರು ಗಪ್ಪಿ, ಒಂದು ಸ್ಪಂಜ್ ಫಿಲ್ಟರ್ ಇವೆ. ಹದಿನೈದು ದಿನಗಳ ಹಿಂದೆ ಅಂಗಡಿಯಿಂದ ಸುಮಾರು ಒಂದೂವರೆ ಕಿಲೋ ತೂಕದ ಡ್ರಿಫ್ಟ್‌ವುಡ್, ಅಂದರೆ ಅಲಂಕಾರಕ್ಕೆ ಇಡುವ ಒಣಮರದ ಕೊರಡು, ತಂದು, ತೊಳೆದು ಇಟ್ಟೆ. ಐದನೆಯ ದಿನ ನೀರು ಚಹಾ ಬಣ್ಣಕ್ಕೆ ತಿರುಗಿತು, ಕೊರಡಿನ ಮೇಲೆ ಬಿಳಿ ಲೋಳೆ ಬೆಳೆಯಿತು. ಗಾಬರಿಯಾಗಿ ನೀರನ್ನೆಲ್ಲ ತೆಗೆದು, ಜಲ್ಲಿಯನ್ನೂ ಫಿಲ್ಟರನ್ನೂ ಕಾವೇರಿ ನೀರಿನ ನಲ್ಲಿಯಡಿ ತೊಳೆದು, ಟ್ಯಾಂಕರ್ ನೀರು ತುಂಬಿಸಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ ಬಣ್ಣ. ಮತ್ತೆ ಹಾಗೆಯೇ ಮಾಡಿದೆ. ಅದಾದ ಎರಡು ದಿನಗಳಲ್ಲಿ ಮೂರು ನಿಯಾನ್ ಸತ್ತವು. ಉಳಿದವು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿವೆ. ಪಿಎಚ್ ಮೊದಲು 7.4 ಇತ್ತು, ಕೊರಡು ಇಟ್ಟ ಮೇಲೆ 6.8 ಆಯಿತು, ಈಗ 8.2 ಇದೆ. ಟಿಡಿಎಸ್ ಆಗ 160, ಈಗ 640. ಅಂಗಡಿಯವರು ಉಪ್ಪು ಮತ್ತು ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಹಾಕಲು ಹೇಳಿದ್ದಾರೆ. ಕೊರಡನ್ನು ತೆಗೆದುಬಿಡಬೇಕೆ?

ಉತ್ತರ: ಕೊರಡನ್ನು ತೆಗೆಯುವ ಅಗತ್ಯ ನನಗೆ ಕಾಣುವುದಿಲ್ಲ. ನೀವು ಕೊಟ್ಟಿರುವ ಅಂಕಿಗಳನ್ನು ದಿನಗಳ ಕ್ರಮದಲ್ಲಿ ಜೋಡಿಸಿ ನೋಡಿದರೆ, ಮೀನುಗಳಿಗೆ ಪೆಟ್ಟು ಬಿದ್ದದ್ದು ಕೊರಡಿನಿಂದಲ್ಲ, ಅದರ ಬಣ್ಣಕ್ಕೆ ಹೆದರಿ ನೀವು ಎರಡು ಬಾರಿ ಮಾಡಿದ ಶುಚಿಕಾರ್ಯದಿಂದ ಎಂದು ಹೇಳಬೇಕಾಗುತ್ತದೆ. ನೀರು ಕಂದಾಗಿದ್ದ ದಿನಗಳಲ್ಲಿ ಒಂದು ಮೀನೂ ಸಾಯಲಿಲ್ಲ. ನೀರು ತಿಳಿಯಾದ ಮೇಲೆ ಮೂರು ಸತ್ತವು. ಇದರ ಕಾರಣವನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಆದರೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುವುದರಿಂದ ಮೊದಲು ಇವತ್ತೇ ಆಗಬೇಕಾದ ಕೆಲಸ ತಿಳಿಸುತ್ತೇನೆ.

ಏರ್ ಪಂಪನ್ನು ಪೂರ್ತಿ ತೆರೆದು, ಸಾಧ್ಯವಾದರೆ ಇನ್ನೊಂದು ಗಾಳಿಕಲ್ಲನ್ನು ಸೇರಿಸಿ, ಹಗಲು ರಾತ್ರಿ ಓಡಲು ಬಿಡಿ. ಎರಡು ಮೂರು ದಿನ ಆಹಾರ ಹಾಕಬೇಡಿ. ಬೆಳೆದ ಮೀನು ಅಷ್ಟು ದಿನ ಹಸಿದಿದ್ದರೆ ಏನೂ ಆಗುವುದಿಲ್ಲ, ತಿನ್ನದೆ ಉಳಿದ ಆಹಾರ ಕೊಳೆತರೆ ಮಾತ್ರ ಕೆಡುಕಾಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಅಳೆಯುವ ಹನಿ ಕಿಟ್ ಒಂದನ್ನು ಇವತ್ತೇ ತನ್ನಿ. ನಿಮ್ಮ ಕೈಯಲ್ಲಿರುವ ಟಿಡಿಎಸ್ ಮೀಟರು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ಅವುಗಳಲ್ಲಿ ವಿಷ ಯಾವುದು, ಸುಣ್ಣ ಯಾವುದು ಎಂದು ಹೇಳಲಾರದು. ಬಳಿಕ ದಿನಕ್ಕೊಮ್ಮೆ ತೊಟ್ಟಿಯ ನಾಲ್ಕನೆಯ ಒಂದು ಭಾಗ ನೀರನ್ನು ಮಾತ್ರ ತೆಗೆದು, ಮೊದಲು ಬಳಸುತ್ತಿದ್ದ ಕಾವೇರಿ ನೀರನ್ನೇ ತುಂಬಿಸಿ. ಆ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದು, ಅಂಗಡಿಯಲ್ಲಿ ಆಂಟಿಕ್ಲೋರಿನ್ ಎಂದು ಸಿಗುವ ಹೈಪೋ ಹಾಕಿ, ಗಾಳಿಯಾಡಿಸಿ ಇಟ್ಟಿರಬೇಕು. ಹೀಗೆ ಮಾಡಿದರೆ 640 ಇರುವ ಟಿಡಿಎಸ್ ಮೊದಲ ದಿನ 520ಕ್ಕೆ, ಎರಡನೆಯ ದಿನ 430ಕ್ಕೆ, ಮೂರನೆಯ ದಿನ 360ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ದಿನ 160ಕ್ಕೆ ಇಳಿಸುವ ಆಸೆ ಬೇಡ. ಏರುವಾಗ ಆದ ಆಘಾತವೇ ಇಳಿಯುವಾಗಲೂ ಆಗುತ್ತದೆ.

ಅಂಗಡಿಯವರ ಸಲಹೆಯಲ್ಲಿ ಅರ್ಧ ಸರಿ, ಅರ್ಧ ತಪ್ಪು. ಉಪ್ಪಿನಿಂದ ನೀರಿನ ಬಣ್ಣವೂ ಹೋಗುವುದಿಲ್ಲ, ಕೊರಡಿನ ಲೋಳೆಯೂ ಹೋಗುವುದಿಲ್ಲ. ಆದರೆ ಕಿಟ್‌ನಲ್ಲಿ ನೈಟ್ರೈಟ್ ಕಂಡುಬಂದರೆ ಉಪ್ಪು ನಿಜಕ್ಕೂ ಉಪಕಾರಿ. ನೈಟ್ರೈಟ್ ಕಿವಿರಿನ ಮೂಲಕ ಒಳಹೊಕ್ಕು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ನೀರಿನಲ್ಲಿ ಎಷ್ಟು ಗಾಳಿ ಇದ್ದರೂ ಮೀನು ಏದುಸಿರು ಬಿಡುವುದು ಆಗಲೇ. ಉಪ್ಪಿನಲ್ಲಿರುವ ಕ್ಲೋರೈಡ್ ಅದೇ ಬಾಗಿಲಲ್ಲಿ ನಿಂತು ನೈಟ್ರೈಟನ್ನು ತಡೆಯುತ್ತದೆ. ಇದಕ್ಕೆ ಹತ್ತು ಲೀಟರಿಗೆ ಒಂದು ಗ್ರಾಂ ಸಾಕು. ನಿಮ್ಮ ತೊಟ್ಟಿ ಲೆಕ್ಕಕ್ಕೆ ಸುಮಾರು 57 ಲೀಟರಿನದಾದರೂ ಜಲ್ಲಿ, ಕೊರಡು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರಿನಷ್ಟೇ ಇರುತ್ತದೆ. ಹಾಗಾಗಿ ನಾಲ್ಕೂವರೆ ಗ್ರಾಂ ಉಪ್ಪನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಹಿಡಿಗಟ್ಟಲೆ ಹಾಕುವ ರೂಢಿಯನ್ನು ಟೆಟ್ರಾ ಜಾತಿಯ ಮೀನುಗಳು ತಾಳುವುದಿಲ್ಲ. ಮೆಥಿಲೀನ್ ಬ್ಲೂ ಮಾತ್ರ ಬೇಡವೇ ಬೇಡ. ಅಳಿದುಳಿದ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ಅದು ಕುತ್ತು ತರಬಹುದು.

ಈಗ ಕಾರಣಕ್ಕೆ ಬರೋಣ. ಮೀನುಗಳು ಕಿವಿರಿನಿಂದ ಹಗಲಿರುಳು ಅಮೋನಿಯ ಬಿಡುತ್ತಿರುತ್ತವೆ. ಮೂರು ತಿಂಗಳ ತೊಟ್ಟಿಯಲ್ಲಿ ಸ್ಪಂಜು ಮತ್ತು ಜಲ್ಲಿಯ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಆಗಿ ಬದಲಿಸುತ್ತಿದ್ದವು. ಈ ಜೀವಿಗಳಲ್ಲಿ ಬಹುಪಾಲು ನೀರಿನಲ್ಲಿ ತೇಲುತ್ತಿರುವುದಿಲ್ಲ, ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಕೈಗೆ ಕಂದು ಕೊಳೆಯಂತೆ ಅಂಟುವ ಆ ಜಿಗುಟಿನಲ್ಲೇ ಅವುಗಳ ಸಂಸಾರ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಕ್ಲೋರಿನ್ ಹಾಕಿ ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರ ಹೊಟ್ಟೆಗೆ ರಕ್ಷಣೆಯಾಗುವ ಈ ಅಂಶ ಸ್ಪಂಜಿನ ಬ್ಯಾಕ್ಟೀರಿಯಾಗಳಿಗೆ ಶತ್ರು. ಸ್ಪಂಜನ್ನೂ ಜಲ್ಲಿಯನ್ನೂ ಒಂದೇ ವಾರದಲ್ಲಿ ಎರಡು ಸಲ ನಲ್ಲಿಯಡಿ ಹಿಡಿದು ಕೊಳೆ ಹೋಗುವಂತೆ ಹಿಂಡಿದಾಗ, ತೊಟ್ಟಿಯ ವಯಸ್ಸು ಮೂರು ತಿಂಗಳಿಂದ ಮತ್ತೆ ಮೊದಲ ದಿನಕ್ಕೆ ಬಂದಂತಾಯಿತು. ಸ್ಪಂಜನ್ನು ತೊಳೆಯಲೇಬೇಕಾದಾಗ ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿಟ್ಟುಕೊಂಡು ಅದರಲ್ಲಿ ಎರಡು ಮೂರು ಬಾರಿ ಅದುಮಿದರೆ ಸಾಕು. ಆ ದಿನ ಜಲ್ಲಿಯನ್ನು ಮುಟ್ಟಬಾರದು.

ಇದರ ಮೇಲೆ ಪಿಎಚ್ ಏರಿಕೆ ಬಂದು ಕೂತಿತು. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಎಂಬ ರೂಪ ಹೆಚ್ಚುಕಡಿಮೆ ನಿರುಪದ್ರವಿ. ಮುಕ್ತ ಅಮೋನಿಯ ಎಂಬ ಇನ್ನೊಂದು ರೂಪ ಕಿವಿರನ್ನು ಸುಡುತ್ತದೆ. ಇವೆರಡರ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್. ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಪಿಎಚ್ 6.8ರಲ್ಲಿ ಒಟ್ಟು ಅಮೋನಿಯದಲ್ಲಿ ವಿಷರೂಪದ ಪಾಲು ಶೇ. 0.4ಕ್ಕಿಂತ ಕಡಿಮೆ, 8.2ರಲ್ಲಿ ಅದು ಶೇ. 8ರಷ್ಟು. ಅಂದರೆ ಕಿಟ್ ತೋರಿಸುವ ಅಂಕಿ ಒಂದೇ ಆಗಿದ್ದರೂ, ಕೊರಡಿನ ಕಂದು ನೀರಿಗಿಂತ ಟ್ಯಾಂಕರಿನ ತಿಳಿನೀರಿನಲ್ಲಿ ಅದು ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅಪಾಯಕಾರಿ. ನೀವು ಹಳೆಯ ನೀರಿನೊಂದಿಗೆ ಹಳೆಯ ಅಮೋನಿಯವನ್ನೂ ಚೆಲ್ಲಿದ್ದಿರಿ, ನಿಜ. ಆದರೆ ಹದಿನಾಲ್ಕು ಮೀನುಗಳು ಹೊಸದನ್ನು ತಯಾರಿಸಲು ಎರಡು ದಿನ ಸಾಕು, ಅದನ್ನು ತಿನ್ನುವವರು ಯಾರೂ ಉಳಿದಿರಲಿಲ್ಲ. ಕೊರಡು ಪಿಎಚ್ ಇಳಿಸಿ ಮೀನುಗಳಿಗೆ ಮಾಡುತ್ತಿದ್ದ ಉಪಕಾರವನ್ನೂ ನೀವು ನೀರಿನೊಂದಿಗೆ ಚೆಲ್ಲಿದಂತಾಯಿತು.

ಟಿಡಿಎಸ್ 160ರಿಂದ 640ಕ್ಕೆ ಹಾರಿದ್ದೂ ಸಣ್ಣ ಸಂಗತಿಯಲ್ಲ. ಸಿಹಿನೀರಿನ ಮೀನು ತನ್ನ ದೇಹದ ಲವಣವನ್ನು ಹಿಡಿದಿಟ್ಟುಕೊಂಡು, ಒಳನುಗ್ಗುವ ನೀರನ್ನು ಸತತವಾಗಿ ಹೊರಹಾಕುತ್ತಿರುತ್ತದೆ. ಹೊರಗಿನ ಲವಣಾಂಶ ಒಂದು ಗಂಟೆಯಲ್ಲಿ ನಾಲ್ಕು ಪಟ್ಟಾದರೆ ಆ ಏರ್ಪಾಡು ತಡವರಿಸುತ್ತದೆ. ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ಬರುವ ಬೋರ್‌ವೆಲ್ ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಆಗತಾನೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದರಿಂದ ಪಿಎಚ್ ಕಡಿಮೆ ತೋರಿಸಿ, ಒಂದು ರಾತ್ರಿ ಗಾಳಿಯಾಡಿದ ಮೇಲೆ ಏರುವುದುಂಟು. ಆದ್ದರಿಂದ ಯಾವುದೇ ಹೊಸ ನೀರನ್ನು ಬಕೆಟ್ಟಿನಲ್ಲಿ ಇಟ್ಟು ಮರುದಿನ ಅಳೆಯಬೇಕು.

ಇನ್ನು ನಿಮ್ಮನ್ನು ಹೆದರಿಸಿದ ಬಣ್ಣದ ವಿಚಾರ. ಅಡಿಕೆ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಸಿ ಅಡಿಕೆಯನ್ನು ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ಚೊಗರು ಇದೆಯಲ್ಲ, ಅದಕ್ಕೆ ಬಣ್ಣವನ್ನೂ ಒಗರನ್ನೂ ಕೊಡುವ ಟ್ಯಾನಿನ್ ವರ್ಗದ ವಸ್ತುಗಳೇ ನಿಮ್ಮ ಕೊರಡಿನಿಂದಲೂ ಬಿಡುತ್ತಿರುವುದು. ಚಹಾದ ಒಗರು ಅದೇ. ಚರ್ಮ ಹದಮಾಡುವವರು ತಂಗಡಿ ತೊಗಟೆಯನ್ನು ಬಳಸುತ್ತಿದ್ದುದೂ ಅದಕ್ಕಾಗಿಯೇ. ಕೊರಡಿನಲ್ಲಿ ಟ್ಯಾನಿನ್ ಜೊತೆಗೆ ಹ್ಯೂಮಿಕ್ ಆಮ್ಲಗಳೂ ಇರುತ್ತವೆ. ದಕ್ಷಿಣ ಅಮೆರಿಕದ ರಿಯೊ ನೆಗ್ರೊ, ಅಂದರೆ ಕರಿಹೊಳೆ, ಕಾಡಿನ ಎಲೆ ಮತ್ತು ಮರಗಳ ಇಂಥ ಚೊಗರಿನಿಂದಲೇ ಕಪ್ಪಾಗಿ ಹರಿಯುತ್ತದೆ. ನಿಮ್ಮ ನಿಯಾನ್ ಟೆಟ್ರಾದ ಹತ್ತಿರದ ನೆಂಟನಾದ ಕಾರ್ಡಿನಲ್ ಟೆಟ್ರಾದ ತವರು ಆ ನೀರು. ನಿಯಾನ್ ಕೂಡ ಅಮೆಜಾನ್ ಮೇಲ್ಭಾಗದ ಮೃದುವಾದ, ತುಸು ಆಮ್ಲೀಯ ಹೊಳೆಗಳ ಮೀನು. ತಿಳಿ ಡಿಕಾಕ್ಷನ್ ಬಣ್ಣದ ನೀರಿನಲ್ಲಿ ಅದರ ನೀಲಿ ಪಟ್ಟೆ ಇನ್ನಷ್ಟು ಎದ್ದು ಕಾಣುತ್ತದೆ ಎಂಬುದು ನನ್ನ ಅನುಭವ. ಬಣ್ಣವನ್ನು ತೆಗೆಯಲೇಬೇಕೆಂಬ ಹಟವನ್ನು ನಾನು ಬಿಟ್ಟು ಬಹಳ ವರ್ಷಗಳಾದವು.

ಕೊರಡು ಪಿಎಚ್ ಅನ್ನು ಎಷ್ಟು ಇಳಿಸುತ್ತದೆ ಎಂಬುದು ಕೊರಡಿಗಿಂತ ಹೆಚ್ಚಾಗಿ ನೀರಿನ ಕೆಎಚ್ ಮೇಲೆ ನಿಂತಿದೆ. ಕೆಎಚ್ ಎಂದರೆ ನೀರಿನಲ್ಲಿರುವ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಪ್ರಮಾಣ, ಆಮ್ಲವನ್ನು ನುಂಗಿಕೊಳ್ಳುವ ಶಕ್ತಿ. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಗಡಸು ಬೋರ್‌ವೆಲ್ ನೀರಿನಲ್ಲಿ ಇಂಥ ಎರಡು ಕೊರಡು ಇಟ್ಟರೂ ಪಿಎಚ್ ಜಗ್ಗುವುದಿಲ್ಲ, ಬಣ್ಣ ಮಾತ್ರ ಬರುತ್ತದೆ. ನಿಮ್ಮ ಕಾವೇರಿ ನೀರು ಮೃದುವಾಗಿದ್ದುದರಿಂದ 7.4ರಿಂದ 6.8ಕ್ಕೆ ಇಳಿಯಿತು. ಐದು ದಿನಗಳಲ್ಲಿ ಆದ ಈ ಇಳಿಕೆ ನಿಯಾನ್‌ಗೆ ಹಿತವೇ ಹೊರತು ಅಹಿತವಲ್ಲ. ಅಪಾಯ ಇರುವುದು ಆರ್‌ಒ ನೀರನ್ನು ಮಾತ್ರ ತುಂಬಿಸುವವರಿಗೆ. ಅದರಲ್ಲಿ ಕೆಎಚ್ ಹೆಚ್ಚುಕಡಿಮೆ ಶೂನ್ಯವಾಗಿರುವುದರಿಂದ ಕೊರಡಿನ ಆಮ್ಲವೂ, ಬ್ಯಾಕ್ಟೀರಿಯಾಗಳ ಕೆಲಸದಿಂದ ಹುಟ್ಟುವ ಆಮ್ಲವೂ ಸೇರಿ ಪಿಎಚ್ 6ಕ್ಕಿಂತ ಕೆಳಗೆ ಕುಸಿಯಬಹುದು, ಆಗ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾಗಳೂ ಮಂದವಾಗುತ್ತವೆ. ಕೆಎಚ್ ಕಿಟ್ ಒಂದನ್ನು ಇಟ್ಟುಕೊಂಡು ವಾರಕ್ಕೊಮ್ಮೆ ನೋಡಿ; ಮೂರು ನಾಲ್ಕು ಡಿಗ್ರಿ ಇದ್ದರೆ ನಿಶ್ಚಿಂತೆ. ಎರಡಕ್ಕಿಂತ ಕೆಳಗಿಳಿದರೆ 45 ಲೀಟರಿಗೆ ಒಂದೂವರೆ ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿದರೆ ಸುಮಾರು ಒಂದು ಡಿಗ್ರಿ ಏರುತ್ತದೆ. ಒಂದು ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ.

ಬಿಳಿ ಲೋಳೆಯನ್ನು ಹೆಚ್ಚಿನವರು ರೋಗವೆಂದು ತಿಳಿಯುತ್ತಾರೆ. ಹೊಸ ಕೊರಡಿನಿಂದ ಜಿನುಗುವ ಸಕ್ಕರೆಯಂಥ ಪದಾರ್ಥಗಳನ್ನು ತಿಂದು ಬ್ಯಾಕ್ಟೀರಿಯಾ ಮತ್ತು ಬೂಷ್ಟು ಒಟ್ಟಾಗಿ ಕಟ್ಟುವ ಪದರ ಅದು. ಮುಟ್ಟಿದರೆ ನೆನೆದ ಕಾಮಕಸ್ತೂರಿ ಬೀಜದ ಮೇಲಿನ ಲೋಳೆಯಂತೆ ಜಾರುತ್ತದೆ. ಮೀನಿನ ಮೈಗೆ ಅದು ಹಬ್ಬುವುದಿಲ್ಲ. ಸೀಗಡಿ ಮತ್ತು ಬಸವನಹುಳುಗಳು ಅದನ್ನು ಮೇಯುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ತಿನ್ನಲು ಏನೂ ಉಳಿಯದೆ ಸಾಮಾನ್ಯವಾಗಿ ತಾನೇ ಕರಗುತ್ತದೆ. ನೋಡಲು ಸಹಿಸದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾ, ಇನ್ನೊಂದು ಕೈಯಲ್ಲಿ ಸಣ್ಣ ಪೈಪಿನಿಂದ ಹೀರಿ ತೆಗೆಯಿರಿ. ಅದರಿಂದ ಬರುವ ನಿಜವಾದ ತೊಂದರೆ ಒಂದೇ: ಲೋಳೆ ದಟ್ಟವಾಗಿ ಬೆಳೆದಾಗ ಆಮ್ಲಜನಕವನ್ನು ಅದೂ ಬಳಸುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಮಾತ್ರ ಹಿಡಿಯುತ್ತದೆ. ಎತ್ತರದ ಬೆಂಗಳೂರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಮಲಗುವಾಗ ಸದ್ದಾಗುತ್ತದೆಂದು ರಾತ್ರಿ ಪಂಪ್ ಆರಿಸುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಈ ಒಂದು ತಿಂಗಳಾದರೂ ಅದನ್ನು ಬಿಡಿ.

ಕಂದು ನೀರನ್ನು ಕಿಟ್‌ನಲ್ಲಿ ಅಳೆಯುವಾಗ ಒಂದು ಮೋಸವಿದೆ. ನೀರಿನ ಸ್ವಂತ ಬಣ್ಣ ಹನಿಗಳ ಬಣ್ಣದೊಂದಿಗೆ ಬೆರೆತು, ಹಳದಿಯಿಂದ ಹಸಿರಿಗೆ ತಿರುಗುವ ಅಮೋನಿಯ ಪರೀಕ್ಷೆಯಂಥವುಗಳಲ್ಲಿ ಕಣ್ಣನ್ನು ತಪ್ಪಿಸುತ್ತದೆ. ಎರಡು ಗಾಜಿನ ಕೊಳವೆಗಳಲ್ಲಿ ತೊಟ್ಟಿಯ ನೀರನ್ನೇ ತೆಗೆದುಕೊಂಡು, ಒಂದಕ್ಕೆ ಮಾತ್ರ ಹನಿ ಹಾಕಿ. ಹನಿ ಹಾಕದ ಕೊಳವೆಯನ್ನು ಬಣ್ಣದ ಪಟ್ಟಿಯ ಮೇಲೆ ಹಿಡಿದು, ಅದರ ಮೂಲಕ ಪಟ್ಟಿಯ ಬಣ್ಣವನ್ನು ನೋಡುತ್ತಾ ಇನ್ನೊಂದರೊಂದಿಗೆ ಹೋಲಿಸಿದರೆ ಈ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಇದನ್ನು ಹಗಲಿನ ಬೆಳಕಿನಲ್ಲಿ ಮಾಡಬೇಕು, ಅಡುಗೆಮನೆಯ ಹಳದಿ ದೀಪದಡಿ ಅಲ್ಲ.

ಇಷ್ಟಾದರೂ ಬಣ್ಣ ಬೇಡವೆಂದರೆ ದಾರಿಯಿದೆ. ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್ ಅನ್ನು ಬಲೆಚೀಲದಲ್ಲಿ ಕಟ್ಟಿ ನೀರು ಹಾದುಹೋಗುವ ಕಡೆ ಇಟ್ಟರೆ ಕೆಲವೇ ದಿನಗಳಲ್ಲಿ ನೀರು ತಿಳಿಯಾಗುತ್ತದೆ. ಮೂರು ನಾಲ್ಕು ವಾರಕ್ಕೆ ಅದನ್ನು ಬದಲಿಸಬೇಕು. ಸ್ಪಂಜ್ ಫಿಲ್ಟರಿನಲ್ಲಿ ಅದಕ್ಕೆ ಜಾಗವಿಲ್ಲದಿರುವುದರಿಂದ ತೊಟ್ಟಿಯ ಅಂಚಿಗೆ ನೇತುಹಾಕುವ ಒಂದು ಸಣ್ಣ ಹ್ಯಾಂಗ್‌ಆನ್ ಫಿಲ್ಟರ್ ಜೊತೆಗಿಟ್ಟರೆ ಅನುಕೂಲ. ಪ್ಯೂರಿಜೆನ್‌ನಂಥ ರಾಳಗಳು ದುಬಾರಿಯಾದರೂ ಪುನಃ ಶುದ್ಧಮಾಡಿ ಬಳಸಬಹುದಾದವು. ಈಗ ಮಾತ್ರ ಇದಕ್ಕೆಲ್ಲ ಆತುರ ಬೇಡ, ಮೊದಲು ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲಿ.

ಕೊರಡನ್ನು ತೊಟ್ಟಿಗೆ ಇಡುವ ಮೊದಲು ಬೇಯಿಸಿದ್ದರೆ ಈ ಗಾಬರಿಯ ಬಹುಪಾಲು ತಪ್ಪುತ್ತಿತ್ತು. ದೊಡ್ಡ ಪಾತ್ರೆಯಲ್ಲಿ, ಊರಲ್ಲಾದರೆ ಬಚ್ಚಲ ಹಂಡೆಯಲ್ಲಿ, ಪೂರ್ತಿ ಮುಳುಗುವಂತೆ ಇಟ್ಟು ಒಂದು ಗಂಟೆ ಕುದಿಸಿ, ಕಷಾಯದಂಥ ನೀರನ್ನು ಚೆಲ್ಲಿ, ಇನ್ನೊಮ್ಮೆ ಕುದಿಸಬೇಕು. ಬಳಿಕ ಒಂದೆರಡು ವಾರ ಬಕೆಟ್ಟಿನಲ್ಲಿ ನೆನೆಹಾಕಿ ದಿನಾ ನೀರು ಬದಲಿಸುತ್ತಿರಬೇಕು. ಗಂಟೆಗಟ್ಟಲೆ ಕುದಿಸುತ್ತಲೇ ಇದ್ದರೆ ಮರದ ನಾರು ಸಡಿಲವಾಗಿ ಬೇಗ ಕೊಳೆಯುತ್ತದೆ, ಆದ್ದರಿಂದ ಅತಿಯೂ ಸಲ್ಲದು. ಸೋಪು, ಫಿನಾಯಿಲ್, ಡೆಟಾಲ್ ಯಾವುದನ್ನೂ ಹತ್ತಿರ ತರಬಾರದು. ಮರ ಅವನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ನಿಮ್ಮ ಕೊರಡು ಈಗಾಗಲೇ ಹದಿನೈದು ದಿನ ನೀರಿನಲ್ಲಿ ಇದ್ದು, ಅದರ ಮೇಲೂ ಬ್ಯಾಕ್ಟೀರಿಯಾ ಕೂರಲು ತೊಡಗಿರುವುದರಿಂದ ಈಗ ತೆಗೆದು ಕುದಿಸಬೇಡಿ. ಉಗುರಿನಿಂದ ಒತ್ತಿ ನೋಡಿ, ಮೂಸಿ ನೋಡಿ. ಗಟ್ಟಿಯಾಗಿದ್ದು ಒದ್ದೆ ಮಣ್ಣಿನ ವಾಸನೆ ಬಂದರೆ ಸರಿ. ಮೆತ್ತಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಹೊರಗೆಸೆಯಿರಿ.

ಅಂಗಡಿಯದನ್ನು ಬಿಟ್ಟು ತೋಟದ ಬೊಡ್ಡೆಯನ್ನು ತರುವ ಯೋಚನೆ ಮುಂದೆ ಬಂದರೆ ನನ್ನ ಪೆದ್ದುತನ ನಿಮಗೆ ಉಪಯೋಗಕ್ಕೆ ಬರಲಿ. ವರ್ಷಗಳ ಹಿಂದೆ ಕೊಡಗಿನ ನೆಂಟರ ತೋಟದಿಂದ ಕಾಫಿ ಗಿಡದ ಒಣಗಿದ ಬೊಡ್ಡೆಯೊಂದನ್ನು, ಅದರ ಬೇರುಗಳ ತಿರುವಿಗೆ ಮರುಳಾಗಿ ಹೊತ್ತು ತಂದಿದ್ದೆ. ಕುದಿಸಿಯೂ ಇದ್ದೆ. ಮೀನುಗಳಿಗೆ ಏನೂ ಆಗಲಿಲ್ಲ, ಆದರೆ ಮೂರೇ ದಿನದಲ್ಲಿ ಸೀಗಡಿಗಳೆಲ್ಲ ಸತ್ತು, ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಂಡು ಹೊರಬರಲಿಲ್ಲ. ತೊಗಟೆಯ ಬಿರುಕುಗಳಲ್ಲಿ ತಿಳಿನೀಲಿ ಹುಡಿ ಉಳಿದದ್ದನ್ನು ಆಮೇಲೆ ಕಂಡೆ: ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಕಾಫಿಯ ತುಕ್ಕು ರೋಗಕ್ಕೂ ಅಡಿಕೆಯ ಕೊಳೆರೋಗಕ್ಕೂ ಹೊಡೆಯುವ ಮದ್ದು ಅದು. ಬೆನ್ನುಮೂಳೆಯಿಲ್ಲದ ಜಲಚರಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮಾರಕ, ಮತ್ತು ಕುದಿಸಿದರೆ ತಾಮ್ರ ನಾಶವಾಗುವುದಿಲ್ಲ. ಹಾಗಾಗಿ ಔಷಧಿ ಹೊಡೆದ ತೋಟದ ಮರ ಬೇಡ. ಬೇವು ಬೇಡ, ರಾಳ ಸುರಿಸುವ ಪೈನ್ ಜಾತಿಯವು ಬೇಡ, ಹಸಿ ಮರವಂತೂ ಯಾವುದೂ ಬೇಡ. ಕಡಲತೀರದ ಕೊರಡಾದರೆ ಉಪ್ಪು ಬಿಡುವವರೆಗೆ ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಬೇಕು. ಪೂರ್ತಿ ಒಣಗಿ ತೊಗಟೆ ಕಳಚಿದ, ಮದ್ದು ಕಾಣದ ಪೇರಳೆ ಅಥವಾ ಮಾವಿನ ಬೇರು ಸಿಕ್ಕರೆ ಅದನ್ನು ಧಾರಾಳವಾಗಿ ಬಳಸಬಹುದು.

ತೇಲುವ ಕೊರಡನ್ನು ಮುಳುಗಿಸಲು ಹಲವರು ಕೆಳಗೆ ಕಲ್ಲಿನ ತುಂಡನ್ನು ಬಿಗಿಯುತ್ತಾರೆ. ಮನೆ ಕಟ್ಟಿದಾಗ ಉಳಿದ ಶಹಾಬಾದ್ ಅಥವಾ ಕಡಪ ಕಲ್ಲು ಇದಕ್ಕೆ ತಕ್ಕುದಲ್ಲ, ಎರಡೂ ಸುಣ್ಣಕಲ್ಲುಗಳೇ. ಕೊರಡಿನ ಆಮ್ಲಕ್ಕೆ ನಿಧಾನವಾಗಿ ಕರಗುತ್ತಾ ನೀರನ್ನು ಗಡಸುಮಾಡುತ್ತಿರುತ್ತವೆ. ಗ್ರಾನೈಟ್ ತುಂಡು ಸೂಕ್ತ. ನಿಮ್ಮ ಜಲ್ಲಿಯ ಮೇಲೂ ಒಮ್ಮೆ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಅದರಲ್ಲೂ ಸುಣ್ಣವಿದೆ ಎಂದರ್ಥ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕಾಗಿದೆ. ಗಪ್ಪಿ ಗಡಸು ನೀರನ್ನು ಇಷ್ಟಪಡುವ ಮೀನು, ನಿಯಾನ್ ಮೃದು ನೀರನ್ನು. ಸೊಳ್ಳೆ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಬಹಳ ಗಟ್ಟಿ ಜೀವ. ಟ್ಯಾಂಕರ್ ನೀರಿನಲ್ಲಿ ನಿಮ್ಮ ಆರು ಗಪ್ಪಿಗಳೂ ಉಳಿದು, ಸತ್ತ ಮೂರೂ ನಿಯಾನ್‌ಗಳೇ ಆದದ್ದು ಆಕಸ್ಮಿಕವಲ್ಲ. ಪಿಎಚ್ 7ರಿಂದ 7.4ರ ನಡುವೆ, ಕೆಎಚ್ ನಾಲ್ಕರ ಸುತ್ತ ಇದ್ದರೆ ಎರಡೂ ಒಟ್ಟಿಗೆ ಬಾಳಬಲ್ಲವು. ಕೊರಡು ಇರುವ ನಿಮ್ಮ ಕಾವೇರಿ ನೀರಿಗೆ ಈ ಅಂಕಿಗಳು ಕೈಗೆಟುಕದವೇನಲ್ಲ.

ಮುಂದಿನ ಮೂರು ನಾಲ್ಕು ವಾರ ದಿನ ಬಿಟ್ಟು ದಿನ ಅಮೋನಿಯ, ನೈಟ್ರೈಟ್ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಅದರ ಬೆನ್ನಿಗೆ ನೈಟ್ರೈಟ್ ಏರುತ್ತದೆ. ಎರಡರಲ್ಲಿ ಯಾವುದು ಕಂಡರೂ ಆ ದಿನ ನಾಲ್ಕನೆಯ ಒಂದು ಭಾಗ ನೀರು ಬದಲಿಸಿ, ಉಪ್ಪು ಹಾಕಿದ್ದರೆ ತೆಗೆದ ನೀರಿನಷ್ಟಕ್ಕೆ ಮಾತ್ರ ಮತ್ತೆ ಸೇರಿಸಿ. ಪರಿಚಯದವರ ಬಳಿ ರೋಗವಿಲ್ಲದ ಹಳೆಯ ತೊಟ್ಟಿಯಿದ್ದರೆ, ಅವರ ಸ್ಪಂಜನ್ನು ಬಕೆಟ್ಟಿನಲ್ಲಿ ಹಿಂಡಿದ ಕಂದು ನೀರನ್ನು ಒಂದು ಬಾಟಲಿಯಲ್ಲಿ ತಂದು ನಿಮ್ಮ ಸ್ಪಂಜಿನ ಮೇಲೆ ಸುರಿಯಿರಿ. ನೋಡಲು ಕೊಳಕಾದರೂ ಅಂಗಡಿಯ ಬಾಟಲಿಗಳಿಗಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ಎರಡೂ ಅಂಕಿಗಳು ಸತತ ಎರಡು ವಾರ ಶೂನ್ಯದಲ್ಲಿ ನಿಂತ ಮೇಲೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದ ಬದಲಾವಣೆಗೆ ಮರಳಿ. ಐದಕ್ಕೆ ಇಳಿದಿರುವ ನಿಯಾನ್ ಗುಂಪಿಗೆ ಹೊಸ ಜೊತೆಗಾರರನ್ನು ತರುವುದು ಆಮೇಲೆ, ಅದೂ ಒಮ್ಮೆಗೆ ಮೂರು ಮಾತ್ರ.